ಹಸಿ ಒಂದು ಕಡೆ, ಸಾರ ಇನ್ನೊಂದು ಕಡೆ: ಒಣ ಹುಲ್ಲುಗಾವಲು ಹಸುರಾಗುವ ಬಗೆ

ಒಣ ಹುಲ್ಲುಗಾವಲಿನ ಹುಲ್ಲು ಮೊಣಕಾಲೆತ್ತರಕ್ಕೂ ಏಳದೆ ಯಾಕೆ ನಿಂತುಬಿಡುತ್ತದೆ ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: ಮಳೆ ಸಾಲದು. ಮಾತು ನಿಜ, ಆದರೆ ಪೂರ್ತಿ ನಿಜವಲ್ಲ. 1970ರ ದಶಕದ ಕೊನೆಯ ವರ್ಷಗಳಲ್ಲಿ ನೆದರ್ಲೆಂಡ್ಸ್ ಮತ್ತು ಮಾಲಿ ದೇಶದ ವಿಜ್ಞಾನಿಗಳು ಕೂಡಿಕೊಂಡು ಆಫ್ರಿಕದ ಸಾಹೆಲ್ ಪ್ರದೇಶದ ಹುಲ್ಲುಗಾವಲುಗಳನ್ನು ಅಳೆದು ತೂಗಿದರು. ಸಾಹೆಲ್ ಎಂದರೆ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಉದ್ದಕ್ಕೆ ಹಾಸಿಕೊಂಡಿರುವ, ಬರಕ್ಕೆ ಹೆಸರಾದ ಪಟ್ಟಿ. ಅಲ್ಲಿ ನೀರೊಂದೇ ಕೊರತೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. 1983ರಲ್ಲಿ ಹೆಂಕ್ ಬ್ರೆಮನ್ ಮತ್ತು ಸಿ. ಟಿ. ಡಿ ವಿಟ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಫಲಿತಾಂಶ ಆ ನಂಬಿಕೆಯನ್ನು ಅಲುಗಿಸಿತು. ಮರುಭೂಮಿಗೆ ತೀರಾ ಹತ್ತಿರದ ಉತ್ತರದ ಅಂಚಿನಲ್ಲಿ ಹುಲ್ಲನ್ನು ತಡೆಯುವುದು ನೀರೇ. ಆದರೆ ವರ್ಷದ ಮಳೆ ಸುಮಾರು 300 ಮಿಲಿಮೀಟರ್ ದಾಟಿದ ಕಡೆಗಳಲ್ಲಿ ಹುಲ್ಲು ನಿಲ್ಲುವುದು ನೀರು ಮುಗಿದು ಅಲ್ಲ, ಮಣ್ಣಿನ ಸಾರಜನಕ ಮತ್ತು ರಂಜಕ ಮುಗಿದು. ಇನ್ನೂ ಹಸಿ ಇರುವ ಮಣ್ಣಿನಲ್ಲೇ ಹುಲ್ಲು ಹಸಿದು ನಿಲ್ಲುತ್ತದೆ.

ಹಾಗಾದರೆ ನೀರು ಮುಖ್ಯವೋ ಸಾರ ಮುಖ್ಯವೋ? ಈ ಪ್ರಶ್ನೆಯನ್ನು ಹೀಗೆ ಕೇಳುವುದರಲ್ಲೇ ಎಡವಟ್ಟಿದೆ ಎಂದು ನನಗನ್ನಿಸುತ್ತದೆ. ಒಣ ಹುಲ್ಲುಗಾವಲಿನ ನಿಜವಾದ ಕಷ್ಟ ಬೇರೆ. ಅಲ್ಲಿ ನೀರೂ ಇದೆ, ಸಾರವೂ ಇದೆ. ಎರಡೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಸಿಗುವುದು ಅಪರೂಪ. ಅವು ಜೊತೆಗೂಡಿದ ಕೆಲವೇ ದಿನಗಳಲ್ಲಿ ಹುಲ್ಲು ಇಡೀ ವರ್ಷದ ಬೆಳವಣಿಗೆಯನ್ನು ಮುಗಿಸಿಕೊಳ್ಳಬೇಕು.

ಎಲೆಯ ಲೆಕ್ಕ

ಮೊದಲು ಎಲೆಯಿಂದ ಹೊರಡೋಣ. ಗಿಡ ತನ್ನ ಮೈ ಕಟ್ಟಿಕೊಳ್ಳಲು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕು. ಅದನ್ನು ಒಳಗೆ ಬಿಟ್ಟುಕೊಳ್ಳಲು ಎಲೆಯ ಮೇಲಿನ ಸಣ್ಣ ಪತ್ರರಂಧ್ರಗಳನ್ನು ತೆರೆಯಬೇಕು. ತೆರೆದ ಕೂಡಲೇ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಒಣ ಗಾಳಿಯಲ್ಲಿ ಒಂದು ಅಣು ಡೈಆಕ್ಸೈಡ್ ಗಳಿಸಲು ನೂರಾರು ಅಣು ನೀರನ್ನು ಕಳೆದುಕೊಳ್ಳಬೇಕಾಗುತ್ತದೆ. ಇದರಿಂದ ಯಾವ ಹಸುರು ಎಲೆಗೂ ಬಿಡುಗಡೆಯಿಲ್ಲ.

ಆದರೂ ಎಲ್ಲ ಗಿಡಗಳ ಖರ್ಚು ಒಂದೇ ಅಲ್ಲ. ಅಮೆರಿಕದ ಕೊಲರಾಡೊದ ಆಕ್ರನ್ ಎಂಬಲ್ಲಿ ಲೈಮನ್ ಬ್ರಿಗ್ಸ್ ಮತ್ತು ಹೋಮರ್ ಶಾಂಟ್ಜ್ 1910ರ ದಶಕದಲ್ಲಿ ಕುಂಡಗಳಲ್ಲಿ ಗಿಡ ಬೆಳೆಸಿ, ಪ್ರತಿಯೊಂದೂ ಎಷ್ಟು ನೀರು ಕುಡಿಯಿತೆಂದು ತೂಕ ಹಾಕಿ ನೋಡಿದರು. ಒಂದು ಕಿಲೋ ಒಣ ಮೈ ಕಟ್ಟಲು ಸಿರಿಧಾನ್ಯ ಮತ್ತು ಜೋಳಕ್ಕೆ ಸುಮಾರು 300 ಕಿಲೋ ನೀರು ಸಾಕಾಯಿತು. ಲೂಸರ್ನ್ ಎಂಬ ಮೇವಿನ ಬೆಳೆಗೆ 800 ಕಿಲೋಗಿಂತ ಹೆಚ್ಚು ಬೇಕಾಯಿತು. ಯಾಕೆಂಬುದು ಆಗ ಗೊತ್ತಿರಲಿಲ್ಲ. ಸಿರಿಧಾನ್ಯ, ಜೋಳ ಮತ್ತು ಬಿಸಿ ನಾಡಿನ ಬಹುಪಾಲು ಹುಲ್ಲುಗಳು ‘ಸಿ4’ ಎಂಬ ಗುಂಪಿಗೆ ಸೇರಿದವು ಎಂದು ತಿಳಿದದ್ದು ಅರ್ಧ ಶತಮಾನ ಕಳೆದ ಮೇಲೆ. ಇವು ಎಲೆಯ ಒಳಗೆ ಡೈಆಕ್ಸೈಡನ್ನು ಮೊದಲು ಒಟ್ಟುಮಾಡಿಕೊಂಡು ಆಮೇಲೆ ಬಳಸುವುದರಿಂದ ಪತ್ರರಂಧ್ರಗಳನ್ನು ಕಿರಿದಾಗಿ ತೆರೆದರೂ ಕೆಲಸ ನಡೆಯುತ್ತದೆ.

ಸಾರಜನಕ ಇಲ್ಲೇ ಕಥೆಯೊಳಗೆ ಬರುತ್ತದೆ. ಡೈಆಕ್ಸೈಡನ್ನು ಹಿಡಿದು ಸಕ್ಕರೆಯಾಗಿಸುವ ದಾರಿಯಲ್ಲಿ ಮುಖ್ಯ ಕಿಣ್ವ ರುಬಿಸ್ಕೊ. ಇದೊಂದು ಪ್ರೋಟೀನು, ಪ್ರೋಟೀನು ಎಂದರೆ ಸಾರಜನಕ. ಸಾಮಾನ್ಯ ಗಿಡಗಳ ಎಲೆಯಲ್ಲಿರುವ ಸಾರಜನಕದ ಕಾಲು ಭಾಗದಷ್ಟು ಈ ಒಂದೇ ಕಿಣ್ವದಲ್ಲಿ ಕೂತಿರುತ್ತದೆ. ಸಾರಜನಕ ಸಾಲದ ಎಲೆ ಪತ್ರರಂಧ್ರ ತೆರೆದು ನೀರು ಕಳೆದುಕೊಳ್ಳುತ್ತದೆ, ಆದರೆ ಒಳಗೆ ಬಂದ ಡೈಆಕ್ಸೈಡನ್ನು ಹಿಡಿಯಲು ಕೈ ಸಾಲದು. ಅಂದರೆ ಸಾರ ಕಡಿಮೆಯಾದಾಗ ನೀರೂ ಪೋಲಾಗುತ್ತದೆ. ಬಡ ಮಣ್ಣಿಗೆ ಗೊಬ್ಬರ ಬಿದ್ದರೆ ಗಿಡ ಒಟ್ಟಾರೆ ಹೆಚ್ಚು ನೀರು ಕುಡಿದರೂ, ಒಂದು ಕಿಲೋ ಒಣ ಮೈಗೆ ತಗಲುವ ನೀರು ಇಳಿಯುತ್ತದೆ. ನೀರನ್ನೂ ಸಾರವನ್ನೂ ಎರಡು ಬೇರೆ ಖಾತೆಗಳಲ್ಲಿ ಬರೆಯಲಾಗದು ಎಂಬುದಕ್ಕೆ ಇದು ಮೊದಲ ಕಾರಣ. ಸಿ4 ಹುಲ್ಲುಗಳಿಗೆ ಇಲ್ಲಿಯೂ ಲಾಭವೇ: ಅವುಗಳಿಗೆ ರುಬಿಸ್ಕೊ ಕಡಿಮೆ ಸಾಕು, ಆದ್ದರಿಂದ ಸಾರಜನಕವೂ ಕಡಿಮೆ ಸಾಕು. ಬಿಸಿಲೂ ಬಡತನವೂ ಕೂಡಿದ ನೆಲಗಳನ್ನು ಅವು ಆಳುತ್ತಿರುವುದು ಸುಮ್ಮನೆ ಅಲ್ಲ.

ಮೇಲಿನ ಒಂದು ಗೇಣು

ಈಗ ಮಣ್ಣಿಗೆ ಇಳಿಯೋಣ. ಎರಡನೆಯ ಕಾರಣ ಅಲ್ಲಿದೆ, ಮತ್ತು ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳವೂ ಅದೇ.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಒಣಗಿದ ಮರಳು ಮಣ್ಣಾದರೆ ಆ ನೀರು ಸುಮಾರು ಒಂದು ಸೆಂಟಿಮೀಟರ್ ಆಳಕ್ಕೆ ನೆನೆಸುತ್ತದೆ. ಜೇಡಿ ಮಣ್ಣಾದರೆ ಅದರ ಅರ್ಧ. ಒಣ ಹುಲ್ಲುಗಾವಲುಗಳಲ್ಲಿ ಬೀಳುವ ಮಳೆಗಳಲ್ಲಿ ಬಹುಪಾಲು 5 ಮಿಲಿಮೀಟರ್ ಒಳಗಿನವು. ಅಂದರೆ ಹೆಚ್ಚಿನ ಮಳೆಗಳು ಬೆರಳುದ್ದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಬಿಸಿಲು ಬಂದರೆ ಎರಡು ಮೂರು ದಿನಗಳಲ್ಲಿ ಆ ಹಸಿ ಆರಿಹೋಗುತ್ತದೆ. ಅಪರೂಪಕ್ಕೆ ಬರುವ ದೊಡ್ಡ ಮಳೆ ಮಾತ್ರ ಆಳಕ್ಕೆ ಇಳಿದು, ಬಿಸಿಲಿನ ಕೈಗೆ ಸಿಗದೆ ವಾರಗಟ್ಟಲೆ ಉಳಿಯುತ್ತದೆ.

ಸಾರ ಎಲ್ಲಿದೆ? ಅದು ಮೇಲೆಯೇ ಇದೆ. ಉದುರಿದ ಎಲೆ, ಸತ್ತ ಬೇರು, ಸಗಣಿ, ಹುಳುಹುಪ್ಪಟೆಗಳ ಅವಶೇಷ ಇವೆಲ್ಲ ಕೊಳೆಯುವುದು ಮೇಲ್ಮಣ್ಣಿನಲ್ಲಿ. ಸಾರಜನಕವನ್ನು ಬಿಡುಗಡೆ ಮಾಡುವ ಸೂಕ್ಷ್ಮಜೀವಿಗಳ ಬಿಡಾರವೂ ಅಲ್ಲೇ. ಬರಿ ನೆಲದ ಮೇಲೆ ಕಪ್ಪು ಹಪ್ಪಳದಂತೆ ಕಾಣುವ ಪದರದಲ್ಲಿ ಬದುಕುವ ಸಯನೋಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದೂ ಮಣ್ಣಿನ ಮೊದಲ ಕೆಲವು ಮಿಲಿಮೀಟರ್‌ಗಳಲ್ಲಿ. ಒಟ್ಟಿನಲ್ಲಿ ಎಲ್ಲಕ್ಕಿಂತ ಬೇಗ ಒಣಗುವ ಪದರದಲ್ಲೇ ಎಲ್ಲಕ್ಕಿಂತ ಹೆಚ್ಚು ಸಾರ. ನೀರು ಉಳಿಯುವ ಆಳದಲ್ಲಿ ಸಾರ ತೆಳು.

ಒಣಗಿದ ಮೇಲ್ಮಣ್ಣಿನಲ್ಲಿ ಸಾರ ಇದ್ದರೂ ಬೇರಿಗೆ ಅದು ಇಲ್ಲದ ಹಾಗೆಯೇ. ಇದನ್ನು ಹತ್ತಿರದಿಂದ ನೋಡಬೇಕು. ಪೋಷಕಾಂಶಗಳು ಬೇರಿನ ಹತ್ತಿರ ತಾವಾಗಿ ನಡೆದು ಬರುವುದಿಲ್ಲ, ನೀರಿನಲ್ಲಿ ಕರಗಿಯೇ ಬರಬೇಕು. ಅದಕ್ಕೆ ಎರಡು ದಾರಿ. ಬೇರು ನೀರೆಳೆದಾಗ ಆ ಹರಿವಿನ ಜೊತೆಗೆ ಕರಗಿದ ವಸ್ತುವೂ ಬರುತ್ತದೆ. ನೈಟ್ರೇಟ್ ರೂಪದ ಸಾರಜನಕ ಮುಖ್ಯವಾಗಿ ಹೀಗೆ ಸಾಗುತ್ತದೆ. ಅದು ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದಿಲ್ಲ. ಇನ್ನೊಂದು ದಾರಿ ವ್ಯಾಪನೆ: ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಯಾನುಗಳು, ಅಂದರೆ ಕರಗಿದ ವಸ್ತುವಿನ ವಿದ್ಯುದಂಶವುಳ್ಳ ಕಣಗಳು, ನಿಧಾನವಾಗಿ ಹರಡುವುದು. ರಂಜಕದ ಪಾಡು ಇದು. ಮಣ್ಣಿನಲ್ಲಿ ರಂಜಕ ಇರುವ ರೂಪವಾದ ಫಾಸ್ಫೇಟ್ ಮಣ್ಣಿನ ಕಣಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಇಡೀ ಋತುವಿನಲ್ಲಿ ಅದು ಸಾಗುವ ದೂರ ಕೆಲವೇ ಮಿಲಿಮೀಟರ್. ಸುಣ್ಣದಂಶ ಹೆಚ್ಚಿರುವ ಒಣ ನಾಡಿನ ಮಣ್ಣುಗಳಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಅದು ಇನ್ನಷ್ಟು ಬಿಗಿಯಾಗುತ್ತದೆ.

ಮಣ್ಣು ಹಸಿಯಾಗಿದ್ದಾಗ ಕಣಗಳ ನಡುವಿನ ಸಂದುಗಳೆಲ್ಲ ನೀರಿನಿಂದ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಣಗುತ್ತ ಬಂದಂತೆ ದೊಡ್ಡ ಸಂದುಗಳು ಮೊದಲು ಖಾಲಿಯಾಗುತ್ತವೆ. ಬೇಸಿಗೆಯ ಹೊಳೆ ಹರಿಯುವುದು ನಿಂತು ಅಲ್ಲೊಂದು ಇಲ್ಲೊಂದು ಗುಂಡಿಯಾಗಿ ಉಳಿಯುವ ಹಾಗೆ, ಮಣ್ಣಿನ ನೀರು ಬಿಡಿಬಿಡಿ ತೇಪೆಗಳಾಗಿ, ಕಣಕ್ಕಂಟಿದ ತೆಳು ಪೊರೆಯಾಗಿ ಉಳಿಯುತ್ತದೆ. ಒಂದು ಕಣದಿಂದ ಇನ್ನೊಂದು ಕಣಕ್ಕೆ ಅಯಾನು ದಾಟುವ ದಾರಿ ಕಡಿದುಹೋಗುತ್ತದೆ. ಬೇರು ಸತ್ತಿರುವುದಿಲ್ಲ, ಸಾರ ಖಾಲಿಯಾಗಿರುವುದಿಲ್ಲ, ನಡುವಿನ ಸೇತುವೆ ಮಾತ್ರ ಇರುವುದಿಲ್ಲ. ಬರಗಾಲದಲ್ಲಿ ನರಳುವ ಹುಲ್ಲಿನ ಎಲೆಯನ್ನು ಪರೀಕ್ಷಿಸಿದಾಗ ಎಷ್ಟೋ ಸಲ ನೀರಿನ ಜೊತೆಗೆ ಸಾರಜನಕ, ರಂಜಕಗಳ ಕೊರತೆಯೂ ಕಾಣುವುದು ಇದಕ್ಕೇ.

ಹುಲ್ಲು ಇದಕ್ಕೆ ತನ್ನದೇ ಉಪಾಯಗಳನ್ನು ಕಂಡುಕೊಂಡಿದೆ. ಒಣ ಹುಲ್ಲುಗಾವಲಿನಲ್ಲಿ ಗಿಡದ ಮೈಯ ಹೆಚ್ಚಿನ ಪಾಲು ನೆಲದ ಕೆಳಗೆ ಇರುತ್ತದೆ. ಕಣ್ಣಿಗೆ ಕಾಣುವ ಹುಲ್ಲು ಅದರ ಚಿಕ್ಕ ಭಾಗ. ಆ ಬೇರುಗಳಲ್ಲಿ ಬಹಳಷ್ಟು ಮೇಲಿನ ಒಂದು ಗೇಣಿನಲ್ಲಿ ಹೆಣೆದುಕೊಂಡಿರುತ್ತವೆ, ಅಂದರೆ ಸಣ್ಣ ಮಳೆಯೂ ಸಾರವೂ ಸಿಗುವ ಜಾಗದಲ್ಲೇ. ಜೊತೆಗೆ ಬೇರಿನೊಂದಿಗೆ ಕೂಡಿ ಬದುಕುವ ಮೈಕೋರೈಜಾ ಶಿಲೀಂಧ್ರಗಳ ಎಳೆಗಳಿವೆ. ಬೇರಿಗಿಂತ ಹತ್ತಾರು ಪಟ್ಟು ತೆಳುವಾದ ಇವು ಬೇರು ನುಗ್ಗಲಾರದ ಸಂದುಗಳಿಗೆ ಇಳಿದು ರಂಜಕ ತಂದುಕೊಟ್ಟು, ಬದಲಿಗೆ ಸಕ್ಕರೆ ಪಡೆಯುತ್ತವೆ. ಆಳಕ್ಕೆ ಬೇರಿಳಿಸುವ ಕೆಲವು ಪೊದೆಗಳಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತವೆ. ಅಮೆರಿಕದ ಒಣ ನಾಡಿನ ಸೇಜ್‌ಬ್ರಷ್ ಎಂಬ ಪೊದೆ ರಾತ್ರಿ ಪತ್ರರಂಧ್ರ ಮುಚ್ಚಿದ ಮೇಲೆ ಆಳದ ನೀರನ್ನು ಎಳೆದು ಮೇಲಿನ ಬೇರುಗಳ ಮೂಲಕ ಒಣ ಮೇಲ್ಮಣ್ಣಿಗೆ ಬಿಡುತ್ತದೆ ಎಂದು ಮಾರ್ಟಿನ್ ಕಾಲ್ಡ್‌ವೆಲ್ ಮತ್ತು ಜೇಮ್ಸ್ ರಿಚರ್ಡ್ಸ್ 1980ರ ದಶಕದಲ್ಲಿ ತೋರಿಸಿದರು. ಮೇಲ್ಮಣ್ಣಿಗೆ ಬಂದ ಆ ಹಸಿ ಪಕ್ಕದ ಹುಲ್ಲಿಗೂ ದಕ್ಕಬಹುದು, ಅಲ್ಲಿನ ಸಾರವನ್ನು ಕರಗಿಸಲೂಬಹುದು. ಗಿಡವೇ ನೀರನ್ನು ಸಾರ ಇರುವ ಜಾಗಕ್ಕೆ ಒಯ್ಯುವ ಈ ನಡತೆ ನನಗೆ ಇಡೀ ಸಸ್ಯಲೋಕದಲ್ಲೇ ಅತಿ ಚೆಲುವಾದವುಗಳಲ್ಲಿ ಒಂದು.

ಮೊದಲ ಮಳೆಯ ಒಂದೆರಡು ದಿನ

ಇದುವರೆಗೆ ಹೇಳಿದ್ದು ಜಾಗದ ತೊಡಕು. ಕಾಲದ ತೊಡಕು ಇನ್ನೂ ಸೂಕ್ಷ್ಮ.

ಬೇಸಿಗೆಯಲ್ಲಿ ಹುಲ್ಲು ಒಣಗಿ ಸುಮ್ಮನಾದ ಮೇಲೂ ಮಣ್ಣಿನ ಸೂಕ್ಷ್ಮಜೀವಿಗಳೆಲ್ಲ ನಿಲ್ಲುವುದಿಲ್ಲ. ಗಿಡ ನೀರೆಳೆಯಲಾರದಷ್ಟು ಒಣಗಿದ ಮಣ್ಣಿನಲ್ಲೂ ತೆಳು ಪೊರೆಯಲ್ಲಿ ಕೆಲವು ಬದುಕಿಕೊಂಡು ಸಾವಕಾಶವಾಗಿ ಕೊಳೆಸುವ ಕೆಲಸ ಮಾಡುತ್ತವೆ. ಆಗ ಬಿಡುಗಡೆಯಾದ ಸಾರಜನಕವನ್ನು ಕುಡಿಯುವ ಬೇರಿಲ್ಲದ್ದರಿಂದ ಅದು ಹಾಗೇ ಕೂಡಿಬೀಳುತ್ತದೆ. ಆಮೇಲೆ ಮೊದಲ ಮಳೆ. ಒಣಗಿನಲ್ಲಿ ಬದುಕಲೆಂದು ಸೂಕ್ಷ್ಮಜೀವಿಗಳು ಜೀವಕೋಶದೊಳಗೆ ಕೂಡಿಟ್ಟುಕೊಂಡಿದ್ದ ವಸ್ತುಗಳು ಒಮ್ಮೆಲೇ ನೀರು ನುಗ್ಗಿದಾಗ ಹೊರಗೆ ಚೆಲ್ಲುತ್ತವೆ. ಕೆಲವು ಜೀವಿಗಳು ಒಡೆದೇ ಹೋಗುತ್ತವೆ. ಮಣ್ಣಿನ ಹೆಂಟೆಗಳು ಬಿರಿದು ಒಳಗೆ ಅಡಗಿದ್ದ ಕೊಳೆತ ವಸ್ತು ತೆರೆದುಕೊಳ್ಳುತ್ತದೆ. ಉಳಿದ ಜೀವಿಗಳು ಇದನ್ನೆಲ್ಲ ತಿಂದು, ಗಂಟೆಗಳೊಳಗೆ ಮಣ್ಣಿನಿಂದ ಡೈಆಕ್ಸೈಡ್ ಬುಸುಗುಟ್ಟಿ ಏಳುತ್ತದೆ, ಸಾರಜನಕ ಬಿಡುಗಡೆಯಾಗುತ್ತದೆ. ಪೂರ್ವ ಆಫ್ರಿಕದ ಮಣ್ಣುಗಳಲ್ಲಿ ಇದನ್ನು ವಿವರವಾಗಿ ಅಳೆದ ಎಚ್. ಎಫ್. ಬರ್ಚ್ 1958ರಲ್ಲಿ ಪ್ರಕಟಿಸಿದ ಕೆಲಸದಿಂದ ಇದಕ್ಕೆ ಬರ್ಚ್ ಪರಿಣಾಮ ಎಂಬ ಹೆಸರೇ ಬಂತು.

ಈ ಉಕ್ಕು ಇರುವುದು ಕೆಲವೇ ದಿನ. ಅಷ್ಟರಲ್ಲಿ ಬೇರು ಎಚ್ಚೆತ್ತು ಹೀರಬೇಕು. ತಡವಾದರೆ ಸೂಕ್ಷ್ಮಜೀವಿಗಳೇ ಅದನ್ನು ಮತ್ತೆ ತಮ್ಮ ಮೈಗೆ ಸೇರಿಸಿಕೊಳ್ಳುತ್ತವೆ, ಇಲ್ಲವೇ ಅದು ಅನಿಲವಾಗಿ ಹಾರಿಹೋಗುತ್ತದೆ, ದೊಡ್ಡ ಮಳೆ ಬಂದರೆ ನೈಟ್ರೇಟ್ ಆಳಕ್ಕೆ ಕೊಚ್ಚಿಹೋಗುತ್ತದೆ. ಆದ್ದರಿಂದ ಒಣ ನೆಲದಲ್ಲಿ ವೇಗಕ್ಕೆ ಬೆಲೆ. ಅಮೆರಿಕದ ಕುರುಚಲು ಹುಲ್ಲುಗಾವಲಿನ ಮುಖ್ಯ ಹುಲ್ಲು ಬ್ಲೂ ಗ್ರಾಮಾ. ಓಸ್ವಾಲ್ಡೊ ಸಾಲಾ ಮತ್ತು ವಿಲಿಯಂ ಲಾವೆನ್‌ರಾತ್ 1982ರಲ್ಲಿ ಇದಕ್ಕೆ ಕೇವಲ 5 ಮಿಲಿಮೀಟರ್ ನೀರು ಕೊಟ್ಟು ನೋಡಿದರು. ಹನ್ನೆರಡು ಗಂಟೆಯೊಳಗೆ ಎಲೆ ಚೇತರಿಸಿಕೊಂಡು ಪತ್ರರಂಧ್ರ ತೆರೆದಿತ್ತು, ಎರಡು ದಿನದವರೆಗೂ ಆ ಲಾಭ ಉಳಿಯಿತು. ಅದುವರೆಗೆ ಇಂಥ ಸಣ್ಣ ಮಳೆಗಳನ್ನು ಸುಮ್ಮನೆ ಆವಿಯಾಗಿ ಹೋಗುವ ನೀರೆಂದು ಲೆಕ್ಕಕ್ಕೇ ತೆಗೆದುಕೊಳ್ಳದವರು ಬಹಳ. ಆದರೆ ಸಾರ ಇರುವುದೇ ಮೇಲಿನ ಬೆರಳುದ್ದದ ಪದರದಲ್ಲಿ. ಅದನ್ನು ನೆನೆಸುವ ಮಳೆ ಸಣ್ಣದೆಂದು ಯಾರು ಹೇಳಬೇಕು?

ಋತುವಿನ ಕೊನೆಯಲ್ಲೂ ಹುಲ್ಲಿಗೆ ಒಂದು ಕೆಲಸ ಉಂಟು. ಎಲೆ ಒಣಗುವ ಮುಂಚೆ ಅದರಲ್ಲಿದ್ದ ಸಾರಜನಕ, ರಂಜಕಗಳ ಸುಮಾರು ಅರ್ಧದಷ್ಟನ್ನು ಬೇರಿಗೂ ಬುಡಕ್ಕೂ ಹಿಂದಕ್ಕೆಳೆದುಕೊಳ್ಳುತ್ತದೆ. ಮುಂದಿನ ಮಳೆಗೆ ಮೊದಲ ಎಲೆ ಬರುವುದು ಈ ಗಂಟಿನಿಂದ. ಬರ ಏಕಾಏಕಿ ಎರಗಿ ಎಲೆ ಹಸುರಾಗಿರುವಾಗಲೇ ಸುಟ್ಟುಹೋದರೆ ಈ ವಾಪಸಾತಿ ನಡೆಯುವುದಿಲ್ಲ.

ಒಳ್ಳೆಯ ಮಳೆ ಬಂದರೂ ಹುಲ್ಲು ಯಾಕೆ ಹೆಚ್ಚುವುದಿಲ್ಲ

ಈಗ ಒಂದು ಒಗಟು. 1988ರಲ್ಲಿ ಸಾಲಾ ಮತ್ತು ಜೊತೆಗಾರರು ಅಮೆರಿಕದ ನಡುನಾಡಿನ ಸುಮಾರು 9,500 ತಾಣಗಳ ಹುಲ್ಲಿನ ಇಳುವರಿಯನ್ನು ಮಳೆಯ ಜೊತೆ ಹೋಲಿಸಿದರು. ವರ್ಷದ ಮಳೆ ಒಂದು ಮಿಲಿಮೀಟರ್ ಹೆಚ್ಚಿರುವ ತಾಣದಲ್ಲಿ ಚದರ ಮೀಟರಿಗೆ ಸುಮಾರು 0.6 ಗ್ರಾಂ ಹುಲ್ಲು ಹೆಚ್ಚು ಬೆಳೆಯುತ್ತಿತ್ತು. ಆಮೇಲೆ 1992ರಲ್ಲಿ ಲಾವೆನ್‌ರಾತ್ ಮತ್ತು ಸಾಲಾ ಕೊಲರಾಡೊದ ಒಂದೇ ತಾಣದ 52 ವರ್ಷಗಳ ದಾಖಲೆಯನ್ನು ತೆಗೆದುಕೊಂಡರು. ಅದೇ ನೆಲದಲ್ಲಿ ಮಳೆ ಒಂದು ಮಿಲಿಮೀಟರ್ ಹೆಚ್ಚಾದ ವರ್ಷ ಹುಲ್ಲು ಹೆಚ್ಚಿದ್ದು 0.13 ಗ್ರಾಂ ಮಾತ್ರ. ಕಾಲು ಭಾಗಕ್ಕಿಂತಲೂ ಕಡಿಮೆ!

ಮಳೆ ಒಂದೇ ಹುಲ್ಲನ್ನು ಬೆಳೆಸುವುದಾಗಿದ್ದರೆ ಈ ಎರಡು ಸಂಖ್ಯೆಗಳು ಇಷ್ಟು ದೂರ ಇರಬೇಕಾಗಿರಲಿಲ್ಲ. ಹೆಚ್ಚು ಮಳೆಯ ಊರಿನ ನೆಲ ಸಾವಿರಾರು ವರ್ಷ ಹೆಚ್ಚು ಹುಲ್ಲು ಬೆಳೆದು, ಕೊಳೆಸಿ, ತನ್ನಲ್ಲಿ ಸಾರ ಕೂಡಿಸಿಕೊಂಡಿದೆ. ಅಲ್ಲಿ ಬೆಳೆಯುವ ಹುಲ್ಲಿನ ಜಾತಿಯೂ ಎತ್ತರದ್ದು. ಒಣ ನೆಲಕ್ಕೆ ಒಂದು ವರ್ಷ ಒಳ್ಳೆಯ ಮಳೆ ಬಂದ ಮಾತ್ರಕ್ಕೆ ಈ ಆಸ್ತಿ ಬಂದುಬಿಡುವುದಿಲ್ಲ. ಹಿಂದಿನ ವರ್ಷ ಬರವಾಗಿದ್ದರೆ ಹುಲ್ಲಿನ ಬುಡದಲ್ಲಿ ಮೊಗ್ಗುಗಳೇ ಕಡಿಮೆ ಉಳಿದಿರುತ್ತವೆ. ತೆಂಡೆ, ಅಂದರೆ ಬುಡದ ಹೊಸ ಕವಲು, ಒಡೆಯಲು ಮೊಗ್ಗಿಲ್ಲದ ಮೇಲೆ ನೀರಿದ್ದು ಏನು ಮಾಡೀತು? ಇರುವ ತೆಂಡೆಗಳು ಬೆಳೆಯತೊಡಗಿದರೂ ಋತುವಿನ ನಡುವೆ ಸಾರಜನಕದ ಪೂರೈಕೆ ಹಿಂದೆ ಬೀಳುತ್ತದೆ. ಒಣ ವರ್ಷದಲ್ಲಿ ನೀರಿನ ಕೈಯಲ್ಲಿದ್ದ ಹುಲ್ಲು ತೇವದ ವರ್ಷದಲ್ಲಿ ಸಾರದ ಕೈಗೆ ಸಿಕ್ಕಿಬೀಳುತ್ತದೆ. ಒಂದೇ ನೆಲ, ಒಂದೇ ಹುಲ್ಲು, ತಿಂಗಳಿಂದ ತಿಂಗಳಿಗೆ ತಡೆ ಬೇರೆ.

ಅದೇ 1988ರ ಅಧ್ಯಯನದ ಇನ್ನೊಂದು ಅಂಶ ಇಲ್ಲಿ ಹೇಳಲೇಬೇಕು. ಸಾಮಾನ್ಯವಾಗಿ ನೀರು ಹಿಡಿದಿಡುವ ಜೇಡಿ ಮಣ್ಣು ಒಳ್ಳೆಯದು, ಮರಳು ಮಣ್ಣು ಬಡವ. ಆದರೆ ವರ್ಷದ ಮಳೆ ಸುಮಾರು 370 ಮಿಲಿಮೀಟರಿಗಿಂತ ಕಡಿಮೆ ಇರುವಲ್ಲಿ ಇದು ತಲೆಕೆಳಗಾಗುತ್ತದೆ: ಮರಳು ಮಣ್ಣಿನಲ್ಲೇ ಹುಲ್ಲು ಹೆಚ್ಚು. ಇಮ್ಯಾನ್ಯುಯೆಲ್ ನೋಯ್-ಮೇಯರ್ 1973ರಲ್ಲೇ ಇದರ ಕಾರಣವನ್ನು ವಿವರಿಸಿದ್ದರು. ಮರಳಿನಲ್ಲಿ ನೀರು ಬೇಗ ಕೆಳಗಿಳಿದು ಬಿಸಿಲಿನಿಂದ ತಪ್ಪಿಸಿಕೊಳ್ಳುತ್ತದೆ. ಜೇಡಿಯಲ್ಲಿ ಮೇಲೆಯೇ ನಿಂತು ಆವಿಯಾಗುತ್ತದೆ. ಮಳೆ ಹೆಚ್ಚಿದ ಕಡೆ ಮರಳಿನ ಈ ಗುಣವೇ ದೋಷವಾಗಿ, ನೀರೂ ಸಾರವೂ ಬೇರಿನ ಕೈ ಮೀರಿ ಇಳಿದುಹೋಗುತ್ತವೆ.

ಹೆಚ್ಚು ಹುಲ್ಲು, ಬಡ ಹುಲ್ಲು

ಸಾಹೆಲ್‌ಗೆ ಮತ್ತೆ ಹೋಗಬೇಕು, ಏಕೆಂದರೆ ಅಲ್ಲಿನ ಫಲಿತಾಂಶದ ಇನ್ನರ್ಧ ಮೇಯುವ ಪ್ರಾಣಿಗೆ ಸಂಬಂಧಿಸಿದ್ದು. ಉತ್ತರದ ಒಣ ಅಂಚಿನಲ್ಲಿ ಹುಲ್ಲು ಕಡಿಮೆ, ಆದರೆ ಸಾರಜನಕ ಮುಗಿಯುವ ಮುಂಚೆಯೇ ನೀರು ಮುಗಿದು ಬೆಳವಣಿಗೆ ನಿಲ್ಲುವುದರಿಂದ ಆ ಸ್ವಲ್ಪ ಹುಲ್ಲಿನಲ್ಲೇ ಪ್ರೋಟೀನು ಗಟ್ಟಿಯಾಗಿರುತ್ತದೆ. ದಕ್ಷಿಣದಲ್ಲಿ ನೀರು ಹೆಚ್ಚು, ಹುಲ್ಲು ಎತ್ತರಕ್ಕೆ ಏಳುತ್ತದೆ. ಆದರೆ ಮಣ್ಣು ಕೊಟ್ಟ ಅಷ್ಟೇ ಸಾರಜನಕವನ್ನು ಅಷ್ಟು ದೊಡ್ಡ ಮೈಗೆ ಹಂಚಿಕೊಳ್ಳಬೇಕು, ಹಾಗಾಗಿ ಹುಲ್ಲು ನಾರು ನಾರಾಗುತ್ತದೆ. ಮೇವಿನಲ್ಲಿ ಪ್ರೋಟೀನು ಶೇಕಡಾ 7ಕ್ಕಿಂತ ಕೆಳಗಿಳಿದರೆ ದನದ ಹೊಟ್ಟೆಯ ಸೂಕ್ಷ್ಮಜೀವಿಗಳಿಗೇ ಸಾರಜನಕ ಸಾಲದೆ ನಾರು ಅರಗುವುದು ನಿಧಾನವಾಗುತ್ತದೆ, ದನ ಹೊಟ್ಟೆ ತುಂಬ ಮೇವಿದ್ದೂ ಸೊರಗುತ್ತದೆ. ಸಾಹೆಲ್‌ನ ಪಶುಪಾಲಕರು ಮಳೆಗಾಲದಲ್ಲಿ ಹಿಂಡುಗಳನ್ನು ಹೊಡೆದುಕೊಂಡು ಉತ್ತರದ ಕುರುಚಲು ಹುಲ್ಲಿಗೆ ಹೋಗುವುದರ ಹಿಂದೆ ಈ ತಿಳಿವಳಿಕೆ ಇದೆ. ಪ್ರಯೋಗಾಲಯ ಕಂಡುಹಿಡಿದದ್ದನ್ನು ಅವರು ತಮ್ಮ ದನಗಳ ಮೈ ನೋಡಿಯೇ ಅರಿತಿದ್ದರು.

ತಾಂಜಾನಿಯದ ಸೆರೆಂಗೆಟಿಯಲ್ಲಿ ವೈಲ್ಡ್‌ಬೀಸ್ಟ್ ಹಿಂಡುಗಳು ಮಾಡುವುದೂ ಇದನ್ನೇ. ಮಳೆಗಾಲ ಬಂತೆಂದರೆ ಅವು ಎತ್ತರದ ಹುಲ್ಲಿನ ನಾಡು ಬಿಟ್ಟು ಆಗ್ನೇಯದ ಗಿಡ್ಡ ಹುಲ್ಲಿನ ಬಯಲಿಗೆ ಬರುತ್ತವೆ. ಅಲ್ಲಿ ಮಳೆ ಕಡಿಮೆ, ಆದರೆ ಮಣ್ಣು ಜ್ವಾಲಾಮುಖಿಗಳ ಬೂದಿಯಿಂದಾದದ್ದು. ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಹೇರಳ. ಮರಿ ಹಾಕಿ ಹಾಲೂಡುವ ತಾಯಿಗೆ ಬೇಕಾದದ್ದು ಅದೇ.

ಎರಡನ್ನೂ ಸುರಿದರೆ?

ಹಾಗಾದರೆ ನೀರನ್ನೂ ಗೊಬ್ಬರವನ್ನೂ ಒಟ್ಟಿಗೆ ಕೊಟ್ಟುಬಿಟ್ಟರೆ ಹುಲ್ಲುಗಾವಲು ಉದ್ಧಾರವಾಗುವುದಿಲ್ಲವೇ? ಕೊಲರಾಡೊದಲ್ಲಿ 1970ರಿಂದ ಕೆಲವು ವರ್ಷ ಇದನ್ನೇ ಮಾಡಿ ನೋಡಿದರು. ಒಂದು ತುಂಡು ನೆಲಕ್ಕೆ ಸಾರಜನಕ ಮಾತ್ರ, ಇನ್ನೊಂದಕ್ಕೆ ನೀರು ಮಾತ್ರ, ಮತ್ತೊಂದಕ್ಕೆ ಎರಡೂ, ಒಂದಕ್ಕೆ ಏನೂ ಇಲ್ಲ. ಸಾರಜನಕ ಒಂದೇ ಕೊಟ್ಟಲ್ಲಿ ಲಾಭ ಅಲ್ಪ. ನೀರು ಒಂದೇ ಕೊಟ್ಟಲ್ಲಿ ಅದಕ್ಕಿಂತ ಚೆನ್ನ. ಎರಡನ್ನೂ ಕೊಟ್ಟಲ್ಲಿ ಬೆಳೆದದ್ದು ಆ ಎರಡು ಲಾಭಗಳನ್ನು ಕೂಡಿದರೂ ಬರದಷ್ಟು. ಇದುವರೆಗೆ ಹೇಳಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಆದರೆ ಏನು ಬೆಳೆಯಿತು ಎಂಬುದನ್ನೂ ನೋಡಬೇಕು. ಎರಡೂ ಸಿಕ್ಕ ನೆಲದಲ್ಲಿ ಬೇರೆ ಕಡೆಯಿಂದ ಬಂದ ಕಳೆಗಿಡಗಳು ಹಬ್ಬಿದವು. ಕೊರತೆಯಲ್ಲಿ ಬದುಕಲು ಪಳಗಿದ ಬ್ಲೂ ಗ್ರಾಮಾದಂಥ ಹುಲ್ಲಿಗೆ ಸಮೃದ್ಧಿಯಲ್ಲಿ ಅಂಥ ವಿಶೇಷ ಉಪಯೋಗವಿಲ್ಲ. ಬೇಗ ಎತ್ತರಕ್ಕೇಳುವ ಗಿಡ ಅದರ ಬೆಳಕನ್ನು ಕಸಿಯುತ್ತದೆ. ನೀರು, ಗೊಬ್ಬರ ಎರಡನ್ನೂ ನಿಲ್ಲಿಸಿ ಒಂದು ದಶಕ ಮೀರಿದ ಮೇಲೂ ಆ ತುಂಡು ನೆಲ ಪಕ್ಕದ ನೆಲದಂತೆ ಆಗಿರಲಿಲ್ಲ ಎಂದು ಡೇನಿಯಲ್ ಮಿಲ್ಚುನಾಸ್ ಮತ್ತು ಲಾವೆನ್‌ರಾತ್ 1995ರಲ್ಲಿ ಬರೆದರು. ಕಳೆ ಉದುರಿಸಿದ ಕಸ ಕೊಳೆತು ಸಾರಜನಕವಾಗಿ, ಅದನ್ನು ಉಂಡು ಮತ್ತೆ ಕಳೆ. ಕೊಟ್ಟ ಸಾರವನ್ನು ವಾಪಸ್ಸು ತೆಗೆಯುವುದು ಸುಲಭವಲ್ಲ.

ಬೇಕೆಂದು ಯಾರೂ ಗೊಬ್ಬರ ಹಾಕದಿದ್ದರೂ ಅದು ಬಂದು ಬೀಳುವುದುಂಟು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಹತ್ತಿರ ಸರ್ಪೆಂಟೈನ್ ಕಲ್ಲಿನಿಂದಾದ ತೀರಾ ಬಡ ಮಣ್ಣಿನ ಹುಲ್ಲುಗಾವಲುಗಳಿವೆ. ಆ ಬಡತನದಿಂದಾಗಿಯೇ ಅಲ್ಲಿ ಸ್ಥಳೀಯ ಸಣ್ಣ ಹೂಗಿಡಗಳು ಉಳಿದಿದ್ದವು, ಅವುಗಳನ್ನು ನಂಬಿ ಬೇ ಚೆಕರ್‌ಸ್ಪಾಟ್ ಎಂಬ ಚಿಟ್ಟೆ ಬದುಕಿತ್ತು. ವಾಹನಗಳ ಹೊಗೆಯಿಂದ ಬಂದ ಸಾರಜನಕ ಗಾಳಿಯಿಂದ ನೆಲಕ್ಕೆ ಬಿದ್ದು, ಬೇರೆ ದೇಶದ ಹುಲ್ಲುಗಳು ಅಲ್ಲಿ ನೆಲೆಯೂರಿ ಹೂಗಿಡಗಳನ್ನು ಮುಚ್ಚಿಹಾಕಿದವು. ದನ ಮೇಯಿಸುವುದನ್ನು ನಿಲ್ಲಿಸಿದ ಕಡೆ ಚಿಟ್ಟೆ ಇನ್ನೂ ಬೇಗ ಕಾಣೆಯಾಯಿತು, ಏಕೆಂದರೆ ಆ ಹುಲ್ಲನ್ನು ತಿಂದು ತಗ್ಗಿಸುತ್ತಿದ್ದುದು ದನಗಳೇ. ಸ್ಟುವರ್ಟ್ ವೈಸ್ 1999ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಹಾಳಾದ ಹುಲ್ಲುಗಾವಲನ್ನು ಸರಿಪಡಿಸುವವರು ಕೆಲವೊಮ್ಮೆ ಮಣ್ಣಿಗೆ ಸಕ್ಕರೆ ಅಥವಾ ಮರದ ಹೊಟ್ಟು ಸೇರಿಸುತ್ತಾರೆ ಎಂದರೆ ವಿಚಿತ್ರ ಎನಿಸೀತು. ಸಕ್ಕರೆ ಉಂಡ ಸೂಕ್ಷ್ಮಜೀವಿಗಳು ಹೆಚ್ಚಿ ಮಣ್ಣಿನ ಸಾರಜನಕವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತವೆ, ಸಾರದಾಹಿ ಕಳೆಗೆ ಊಟ ತಪ್ಪುತ್ತದೆ, ಕಡಿಮೆಯಲ್ಲಿ ಬದುಕಬಲ್ಲ ನಾಡಹುಲ್ಲಿಗೆ ಉಸಿರು ಸಿಗುತ್ತದೆ. ಬಡ ಮಣ್ಣನ್ನು ಬಡವಾಗಿಯೇ ಉಳಿಸುವುದೂ ಒಂದು ಕಾಳಜಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಸಾರಜನಕದ ಬಗ್ಗೆಯೇ ಹೆಚ್ಚು ಮಾತಾಡಿದೆ, ವಿಜ್ಞಾನವೂ ಬಹುಕಾಲ ಹಾಗೇ ಮಾಡಿತು. ಐದು ಖಂಡಗಳ 42 ಹುಲ್ಲುಗಾವಲುಗಳಲ್ಲಿ ಒಂದೇ ಕ್ರಮದಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 31 ಕಡೆ ಪೋಷಕಗಳ ಕೊರತೆ ಕಂಡಿತು. ಅದರಲ್ಲಿ ಸಾರಜನಕ, ರಂಜಕ ಮಾತ್ರವಲ್ಲ, ಪೊಟ್ಯಾಸಿಯಂ ಮತ್ತು ಸೂಕ್ಷ್ಮ ಪೋಷಕಗಳ ಪಾಲೂ ಇತ್ತು. ಹೆಚ್ಚಿನ ಕಡೆ ಕೊರತೆ ಒಂದರದ್ದಲ್ಲ, ಎರಡು ಮೂರರದ್ದು ಕೂಡಿ.

ಇನ್ನು ಮುಂದಿನ ದಿನಗಳ ಮಾತು. ಭೂಮಿ ಬಿಸಿಯಾದಂತೆ ಮಳೆ ಕಡಿಮೆ ಸಲ ಬಂದು, ಬಂದಾಗ ಜೋರಾಗಿ ಸುರಿಯುವುದು ಹಲವೆಡೆ ಹೆಚ್ಚುತ್ತಿದೆ. ಇದು ಹುಲ್ಲಿಗೆ ಒಳ್ಳೆಯದೋ ಕೆಟ್ಟದ್ದೋ? ಕ್ಯಾನ್ಸಸ್‌ನ ಕೊಂಜಾ ಎಂಬ ತೇವದ ಹುಲ್ಲುಗಾವಲಿನಲ್ಲಿ ಅಲನ್ ನ್ಯಾಪ್ ಮತ್ತು ಜೊತೆಗಾರರು ಒಟ್ಟು ಮಳೆಯನ್ನು ಬದಲಿಸದೆ ಅದನ್ನು ಕೆಲವೇ ದೊಡ್ಡ ಮಳೆಗಳಾಗಿ ಕೊಟ್ಟರು, ಹುಲ್ಲು ಕಡಿಮೆಯಾಯಿತು. ಕೊಲರಾಡೊದ ಒಣ ಹುಲ್ಲುಗಾವಲಿನಲ್ಲಿ ಅದೇ ಬಗೆಯ ಪ್ರಯೋಗ ಮಾಡಿದಾಗ ಹುಲ್ಲು ಹೆಚ್ಚಾಯಿತು. ತೇವದ ನೆಲಕ್ಕೆ ಎರಡು ಮಳೆಗಳ ನಡುವಿನ ದೀರ್ಘ ಬಿಡುವು ಹೊಡೆತ. ಒಣ ನೆಲಕ್ಕೆ ನೀರು ಆಳಕ್ಕಿಳಿದು ಆವಿಯಾಗದೆ ಉಳಿಯುವುದೇ ಲಾಭ. ಆದರೆ ಆ ಲಾಭಕ್ಕೂ ಗಡಿ ಇದೆ: ಸಾರವಿರುವ ಮೇಲ್ಪದರ ಹೆಚ್ಚು ದಿನ ಒಣಗಿಯೇ ಇರುತ್ತದೆ.

ಗಾಳಿಯಲ್ಲಿ ಹೆಚ್ಚುತ್ತಿರುವ ಡೈಆಕ್ಸೈಡೂ ಇದೇ ದಿಕ್ಕಿಗೆ ತಳ್ಳುತ್ತದೆ. ಅದು ಹೆಚ್ಚಾದಾಗ ಹುಲ್ಲು ಪತ್ರರಂಧ್ರಗಳನ್ನು ಕಿರಿದುಮಾಡಿಯೂ ಬೆಳೆಯಬಲ್ಲದು, ನೀರು ಉಳಿಯುತ್ತದೆ. ಕೊಲರಾಡೊದ ಹುಲ್ಲುಗಾವಲಿನಲ್ಲಿ ಮೇಲೆ ತೆರೆದ ಗೂಡುಗಳನ್ನು ಕಟ್ಟಿ, ಒಳಗೆ ಡೈಆಕ್ಸೈಡ್ ಹೆಚ್ಚಿಸಿ ನೋಡಿದಾಗ ಹುಲ್ಲು ನಿಜಕ್ಕೂ ಹೆಚ್ಚು ಬೆಳೆಯಿತು, ಆದರೆ ಅದರ ಸಾರಜನಕದ ಪ್ರಮಾಣ ಇಳಿಯಿತು, ಅರಗುವ ಗುಣವೂ ಇಳಿಯಿತು. ಸಾಹೆಲ್‌ನ ದಕ್ಷಿಣ ಅಂಚಿನ ಹುಲ್ಲಿನ ಪಾಡು ಹೀಗೆ ಒಣ ನಾಡುಗಳಿಗೂ ಹಬ್ಬಬಹುದು. ದೂರದಿಂದ, ಉಪಗ್ರಹದ ಚಿತ್ರದಲ್ಲಿ, ಅಂಥ ನೆಲ ಹಿಂದಿಗಿಂತ ಹಸುರಾಗಿ ಕಾಣುತ್ತದೆ. ಅದರ ಮೇಲೆ ಮೇಯುವ ಪ್ರಾಣಿಗೆ ಪ್ರತಿ ಬಾಯಿ ಹುಲ್ಲಿನಲ್ಲಿ ಸಿಗುವ ಪ್ರೋಟೀನು ಹಿಂದಿಗಿಂತ ಕಡಿಮೆ.